ಮೇಲೆ ಬಾಂಬ್ ಸಿಡಿದ್ರೆ ಕೆಳಗೆ ಕರೆಂಟ್ ಯಾಕೆ ಹೋಗತ್ತೆ: ನ್ಯೂಕ್ಲಿಯರ್ ಇಎಂಪಿ ಬಗ್ಗೆ ಪದೇ ಪದೇ ಕೇಳೋ ಪ್ರಶ್ನೆಗಳು

ಯುದ್ಧದ ಸುದ್ದಿ ಜೋರಾದಾಗೆಲ್ಲ ವಾಟ್ಸಾಪಲ್ಲಿ ಒಂದು ಫಾರ್ವರ್ಡ್ ಓಡಾಡತ್ತೆ, ಆಕಾಶದಲ್ಲಿ ಒಂದೇ ಒಂದು ಬಾಂಬ್ ಸಿಡಿಸಿದ್ರೆ ಸಾಕು ಇಡೀ ದೇಶದ ಮೊಬೈಲು ಕಾರು ಕಂಪ್ಯೂಟರು ಎಲ್ಲ ಕಣ್ಣು ಮುಚ್ಚಿ ಬಿಡೋದ್ರೊಳಗೆ ಭಸ್ಮ ಅಂತ. ಅರ್ಧ ನಿಜ, ಅರ್ಧ ಬುರುಡೆ. ನಾನು ಸಬ್‌ಸ್ಟೇಷನ್ನಲ್ಲಿ ರಿಲೇ (ಲೈನಲ್ಲಿ ದೋಷ ಬಂದ್ರೆ ಕಂಡುಹಿಡಿದು ಕರೆಂಟ್ ಕಡಿಸೋ ಉಪಕರಣ) ಪ್ಯಾನೆಲ್‌ಗಳ ಕೆಲಸ ಮಾಡೋನು, ಬಾಂಬಿನ ಕೆಲಸದವನಲ್ಲ, ಆದ್ರೆ ಇಂಥದ್ದೇನಾದ್ರೂ ಆದ್ರೆ ಮೊದಲ ಪೆಟ್ಟು ಬೀಳೋದು ನಮ್ಮ ಯಾರ್ಡಿಗೇ, ಅದಕ್ಕೇ ಇದನ್ನ ಸ್ವಲ್ಪ ಕೂತು ಓದ್ಕೊಂಡಿದೀನಿ. ಜನ ಕೇಳೋ ಪ್ರಶ್ನೆಗಳಿಗೆ ಉತ್ತರ ಕೆಳಗಿದೆ, ಮೇಲಿಂದ ಕೆಳಗೆ ಓದ್ಲೇಬೇಕು ಅಂತೇನಿಲ್ಲ.

ಇಎಂಪಿ ಅಂದ್ರೆ ಏನು, ಚಿಕ್ಕದಾಗಿ ಹೇಳಿ

ಎಲೆಕ್ಟ್ರೋಮ್ಯಾಗ್ನೆಟಿಕ್ ಪಲ್ಸ್. ನ್ಯೂಕ್ಲಿಯರ್ ಸ್ಫೋಟದಿಂದ ಹೊರಡೋ, ತುಂಬಾನೇ ಗಿಡ್ಡ ಆದ್ರೆ ತುಂಬಾನೇ ಜೋರಾದ ರೇಡಿಯೋ ಹೊಡೆತ. ಅದು ಬಂದು ಯಾವ ಲೋಹದ ತಂತಿಗೆ ಬಡೀತೋ ಆ ತಂತೀಲಿ ವೋಲ್ಟೇಜ್ ಹುಟ್ಟತ್ತೆ. ತಂತಿ ಉದ್ದ ಇದ್ದಷ್ಟೂ ವೋಲ್ಟೇಜ್ ಜಾಸ್ತಿ. ಈ ಪೇಜಲ್ಲಿ ಒಂದೇ ಒಂದು ವಿಷಯ ತಲೇಲಿ ಇಟ್ಕೊಳ್ಳೋದಾದ್ರೆ ಈ ಉದ್ದದ ವಿಷಯ ಇಟ್ಕೊಳ್ಳಿ, ಮುಂದಿನ ಅರ್ಧ ಪ್ರಶ್ನೆಗಳಿಗೆ ನೀವೇ ಉತ್ತರ ಹೇಳ್ಬಹುದು.

ಇದು ನಿಜವಾಗ್ಲೂ ಯಾವತ್ತಾದ್ರೂ ಆಗಿದ್ಯಾ, ಇಲ್ಲಾ ಬರೀ ಥಿಯರೀನಾ?

ಆಗಿದೆ. ಎಲ್ಲರೂ ಹೇಳೋ ಕೇಸು ಸ್ಟಾರ್‌ಫಿಶ್ ಪ್ರೈಮ್. 1962ರ ಜುಲೈ 9, ಹವಾಯಿ ಟೈಮಲ್ಲಿ ಜುಲೈ 8ರ ರಾತ್ರಿ ಹನ್ನೊಂದು ಗಂಟೆ. ಪೆಸಿಫಿಕ್ ಸಾಗರದ ಜಾನ್‌ಸ್ಟನ್ ದ್ವೀಪದಿಂದ ಅಮೆರಿಕದವ್ರು ಥಾರ್ ರಾಕೆಟಲ್ಲಿ 1.4 ಮೆಗಾಟನ್ ಬಾಂಬ್ ಹಾರಿಸಿ ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ ಸಿಡಿಸಿದ್ರು. ಈಗ ಸ್ಪೇಸ್ ಸ್ಟೇಷನ್ ಸುತ್ತೋದು ಹೆಚ್ಚೂ ಕಡಿಮೆ ಅದೇ ಎತ್ತರದಲ್ಲಿ. ಅದಕ್ಕಿಂತ ಮುಂಚೆ ಜೂನ್ 20ಕ್ಕೆ ಒಂದ್ಸಲ ಟ್ರೈ ಮಾಡಿದ್ರು, ರಾಕೆಟ್ ಹೊರಟು ಒಂದು ನಿಮಿಷದಷ್ಟರಲ್ಲೇ ಕೆಟ್ಟು ಅದನ್ನ ಅಲ್ಲೇ ನಾಶ ಮಾಡ್ಬೇಕಾಯ್ತು, ಅದಕ್ಕೇ ಎರಡನೇ ಸಲದ್ದಕ್ಕೆ ಹೆಸರಿನ ಹಿಂದೆ ಪ್ರೈಮ್ ಅಂತ ಸೇರ್ಕೊಂಡಿರೋದು.

ಹವಾಯಿ ಅಲ್ಲಿಂದ ಸುಮಾರು 1,400 ಕಿಲೋಮೀಟರ್ ದೂರ. ಟೆಸ್ಟ್ ಇದೆ ಅಂತ ಜನಕ್ಕೆ ಮೊದಲೇ ಗೊತ್ತಿತ್ತು, ಹೋಟೆಲ್‌ಗಳ ತಾರಸಿ ಮೇಲೆ ಪಾರ್ಟಿ ಮಾಡ್ಕೊಂಡು ಕಾಯ್ತಾ ಇದ್ರಂತೆ, ಬಾಂಬ್ ನೋಡಕ್ಕೆ ಪಾರ್ಟಿ ಅಂದ್ರೆ ಆ ಕಾಲ ಹೇಗಿತ್ತು ನೋಡಿ. ಆಕಾಶ ಬೆಳಗಾಯ್ತು, ಆಮೇಲೆ ಬಣ್ಣಬಣ್ಣದ ಬೆಳಕು ಹರಡ್ಕೊಳ್ತು. ಅದೇ ಹೊತ್ತಿಗೆ ಹವಾಯಿಯ ಓಹು ದ್ವೀಪದಲ್ಲಿ ಸುಮಾರು 300 ಬೀದಿ ದೀಪ ಆರಿಹೋದ್ವು, ಕಳ್ಳರ ಅಲಾರಂಗಳು ಸುಮ್ಮಸುಮ್ಮನೆ ಹೊಡ್ಕೊಂಡ್ವು, ಫೋನ್ ಕಂಪನಿಯ ಮೈಕ್ರೋವೇವ್ ಲಿಂಕ್ ಒಂದು ಕೆಟ್ಟು ಕವಾಯ್ ದ್ವೀಪಕ್ಕೆ ಮಾತು ನಿಂತೋಯ್ತು. ಅಳೆಯಕ್ಕೆ ಅಂತ ಇಟ್ಟಿದ್ದ ಎಷ್ಟೋ ಮೀಟರ್‌ಗಳ ಸ್ಕೇಲ್ ಸಾಲ್ದೇ ಹೋಯ್ತು, ಅಂದ್ರೆ ವಿಜ್ಞಾನಿಗಳು ಲೆಕ್ಕ ಹಾಕಿದ್ದಕ್ಕಿಂತ ತುಂಬಾ ದೊಡ್ಡ ಪಲ್ಸ್ ಬಂದಿತ್ತು.

ಫಾರ್ವರ್ಡ್ ಮಾಡೋರು ಇದರ ಇನ್ನೊಂದು ಮುಖ ಮಾತ್ರ ಹೇಳಲ್ಲ. ಓಹುವಿನ ಬಹುಪಾಲು ದೀಪ ಉರೀತಾನೇ ಇದ್ವು. ಕಾರುಗಳು ಓಡಾಡ್ತಾನೇ ಇದ್ವು. ಆರಿದ ದೀಪಗಳೂ ಒಂದು ತರದ ಹಳೇ ಸರ್ಕ್ಯೂಟಿನವು, ಒಂದರ ಹಿಂದೆ ಒಂದು ಸೀರೀಸಲ್ಲಿ ಜೋಡಿಸಿದ ಉದ್ದ ಲೈನುಗಳು, ಅದರ ಫ್ಯೂಸ್ ಹೋಗಿದ್ದು. ಮತ್ತೆ ಅದೇ ಉದ್ದ ತಂತಿಯ ಕಥೆ.

ರಷ್ಯಾದವ್ರು ಮಾಡ್ಲಿಲ್ವಾ?

ಮಾಡಿದ್ರು, ಮತ್ತೆ ನನ್ನ ಲೆಕ್ಕದಲ್ಲಿ ಅವರದ್ದೇ ಹೆಚ್ಚು ಭಯ ಹುಟ್ಟಿಸೋ ಟೆಸ್ಟ್, ಯಾಕಂದ್ರೆ ಅವರು ಸಮುದ್ರದ ಮೇಲಲ್ಲ, ಜನ ಇರೋ ನೆಲದ ಮೇಲೆ ಮಾಡಿದ್ರು. 1962ರ ಅಕ್ಟೋಬರ್ 22, ಕಜಕಸ್ತಾನದ ಮೇಲೆ 290 ಕಿಲೋಮೀಟರ್ ಎತ್ತರದಲ್ಲಿ 300 ಕಿಲೋಟನ್ ಬಾಂಬ್. ಕ್ಯೂಬಾದ ಕ್ಷಿಪಣಿ ವಿಷಯಕ್ಕೆ ಕೆನಡಿ ಟೀವೀಲಿ ಮಾತಾಡಿದ್ದೂ ಅದೇ ದಿನ, ನಮ್ಮ ಗಡೀಲಿ ಚೀನಾ ನುಗ್ಗಿ ಆಗ ಎರಡು ದಿನ ಆಗಿತ್ತು.

ಪರೀಕ್ಷೆಗೆ ಅಂತ 570 ಕಿಲೋಮೀಟರ್ ಉದ್ದದ ಟೆಲಿಫೋನ್ ಲೈನ್ ಒಂದಕ್ಕೆ ಮೀಟರ್ ಹಾಕಿ ಕಾಯ್ತಿದ್ರು. ಲೈನನ್ನ ನಡುನಡುವೆ ಸಿಗ್ನಲ್ ಬಲಪಡಿಸೋ ರಿಪೀಟರ್ ಇಟ್ಟು ತುಂಡು ತುಂಡಾಗಿ ಮಾಡಿತ್ತು, ತುಂಡು ತುಂಡಿಗೂ ಫ್ಯೂಸು, ಜಾಸ್ತಿ ವೋಲ್ಟೇಜನ್ನ ನೆಲಕ್ಕೆ ಇಳಿಸೋ, ಗ್ಯಾಸ್ ತುಂಬಿದ ಅರೆಸ್ಟರು ಎಲ್ಲ ಇತ್ತು. ಅಳತೆಗೆ ಸಿಕ್ಕ ಕರೆಂಟ್ 1,500ರಿಂದ 3,400 ಆಂಪಿಯರ್, ಅದೂ ಟೆಲಿಫೋನ್ ತಂತೀಲಿ. ಫ್ಯೂಸ್‌ಗಳು ಹೋದ್ವು. ಇಷ್ಟು ಓವರ್‌ಹೆಡ್ ಲೈನಿಗೆ ಆಯ್ತು ಅಂದ್ರೆ ಒಪ್ಕೋಬಹುದು, ಆದ್ರೆ ಅಕ್ಮೋಲಾದಿಂದ ಅಲ್ಮಾಟಿ ಕಡೆಗೆ ಸುಮಾರು ಸಾವಿರ ಕಿಲೋಮೀಟರ್ ನೆಲದೊಳಗೆ ಹೂತಿಟ್ಟಿದ್ದ ಪವರ್ ಕೇಬಲ್ ಇತ್ತಲ್ಲ, ಸುಮಾರು ಮೂರಡಿ ಆಳ, ಮೇಲೆ ಸೀಸದ ಹೊದಿಕೆ, ಅದೂ ಟ್ರಿಪ್ ಆಯ್ತು. ಕರಗಂಡದ ಪವರ್ ಪ್ಲಾಂಟಲ್ಲಿ ಬೆಂಕಿ ಬಿತ್ತು. ಲೈನುಗಳ ಪಿಂಗಾಣಿ ಇನ್ಸುಲೇಟರ್‌ಗಳು ಕೆಲವು ಒಡೆದ್ವು. ಇದೆಲ್ಲ ಹೊರಗಿನವರಿಗೆ ವಿವರವಾಗಿ ಗೊತ್ತಾಗಿದ್ದು ಸೋವಿಯತ್ ಒಡೆದ ಮೇಲೆ, 1990ರ ದಶಕದಲ್ಲಿ.

ಬಾಂಬ್ 400 ಕಿಲೋಮೀಟರ್ ಮೇಲೆ, ಅಲ್ಲಿ ಗಾಳೀನೇ ಇಲ್ಲ, ಮತ್ತೆ ಪಲ್ಸ್ ಎಲ್ಲಿಂದ ಬರತ್ತೆ?

ಒಳ್ಳೆ ಪ್ರಶ್ನೆ. ಪಲ್ಸ್ ಬಾಂಬಿನಿಂದ ನೇರ ಬರಲ್ಲ. ಬಾಂಬಿನಿಂದ ಬರೋದು ಗಾಮಾ ಕಿರಣ. ಅದು ಖಾಲಿ ಜಾಗದಲ್ಲಿ ಅಡ್ಡಿ ಇಲ್ದೇ ಕೆಳಗಿಳಿದು, ನೆಲದಿಂದ ಸುಮಾರು 20ರಿಂದ 40 ಕಿಲೋಮೀಟರ್ ಎತ್ತರದಲ್ಲಿ ಗಾಳಿ ಒಂಚೂರು ದಟ್ಟ ಆಗೋ ಕಡೆ ಗಾಳಿಯ ಅಣುಗಳಿಗೆ ಗುದ್ದತ್ತೆ. ಗುದ್ದಿದಾಗ ಅವುಗಳಿಂದ ಎಲೆಕ್ಟ್ರಾನ್ ಕಿತ್ಕೊಂಡು ಬೆಳಕಿನ ವೇಗಕ್ಕೆ ಹತ್ತಿರದ ವೇಗದಲ್ಲಿ ಕೆಳಗೆ ಓಡತ್ತೆ. ಇದಕ್ಕೆ ಕಾಂಪ್ಟನ್ ಚದುರುವಿಕೆ ಅಂತಾರೆ, ಪಿಯುಸಿ ಫಿಸಿಕ್ಸಲ್ಲಿ ಹೆಸರು ಕೇಳಿರ್ತೀರ.

ಈಗ ಭೂಮಿಗೆ ಕಾಂತಕ್ಷೇತ್ರ ಇದೆ. ಓಡೋ ಎಲೆಕ್ಟ್ರಾನನ್ನ ಅದು ಪಕ್ಕಕ್ಕೆ ತಿರುಗಿಸತ್ತೆ. ತಿರುಗೋ ಚಾರ್ಜು ರೇಡಿಯೋ ಅಲೆ ಬಿಡತ್ತೆ. ಒಂದು ಎಲೆಕ್ಟ್ರಾನ್ ಬಿಡೋ ಅಲೆ ಲೆಕ್ಕಕ್ಕೇ ಇಲ್ಲ, ಆದ್ರೆ ಇಲ್ಲಿ ಲೆಕ್ಕ ಇಲ್ಲದಷ್ಟು ಎಲೆಕ್ಟ್ರಾನ್‌ಗಳು ಒಂದೇ ಹೊತ್ತಲ್ಲಿ ಒಂದೇ ಕಡೆಗೆ ತಿರುಗ್ತವೆ, ತೇರಿನ ಹಗ್ಗ ಹಿಡಿದೋರು ಒಬ್ಬೊಬ್ಬರೇ ಜಗ್ಗಿದ್ರೆ ತೇರು ಅಲ್ಲಾಡಲ್ಲ, ಎಲ್ಲರೂ ಒಂದೇ ಕೂಗಿಗೆ ಜಗ್ಗಿದ್ರೆ ಹೊರಡತ್ತಲ್ಲ, ಹಾಗೆ. ಗಾಮಾ ಕಿರಣ ಕೆಳಗಿಳಿಯೋ ವೇಗಾನೂ ಅಲೆಯ ವೇಗಾನೂ ಒಂದೇ ಆಗಿರೋದ್ರಿಂದ ಅಲೆಗಳು ಒಂದರ ಮೇಲೊಂದು ಸೇರ್ಕೊಂಡು ದೊಡ್ಡದಾಗ್ತಾ ಬರ್ತವೆ.

ತಮಾಷೆ ಅಂದ್ರೆ ಬಾಂಬ್ ಸಿಡಿಸೋವಾಗ ಈ ವಿವರಣೆ ಯಾರ ಹತ್ರಾನೂ ಸರಿಯಾಗಿ ಇರ್ಲಿಲ್ಲ. ಸ್ಫೋಟದಿಂದ ಎಲೆಕ್ಟ್ರೋಮ್ಯಾಗ್ನೆಟಿಕ್ ಸಿಗ್ನಲ್ ಬರತ್ತೆ ಅಂತ ಭೌತವಿಜ್ಞಾನಿ ಫರ್ಮಿ 1945ರಲ್ಲೇ ಊಹೆ ಮಾಡಿದ್ರು, ಮೊಟ್ಟಮೊದಲ ಅಣುಬಾಂಬ್ ಪರೀಕ್ಷೆಯಾದ ಟ್ರಿನಿಟಿ ಟೆಸ್ಟಿನ ಸಿಗ್ನಲ್ ಕೇಬಲ್‌ಗಳಿಗೆ ಅದಕ್ಕೇ ಶೀಲ್ಡ್ ಹಾಕಿದ್ರು. ಆದ್ರೆ ಅಂತರಿಕ್ಷದ ಸ್ಫೋಟದಲ್ಲಿ ಭೂಮಿಯ ಕಾಂತಕ್ಷೇತ್ರದ ಪಾತ್ರ ಏನು ಅಂತ ಕಾನ್ರಾಡ್ ಲಾಂಗ್‌ಮೈರ್ ಅನ್ನೋ ಭೌತವಿಜ್ಞಾನಿ ಬಿಡಿಸಿ ತೋರಿಸಿದ್ದು ಸ್ಟಾರ್‌ಫಿಶ್ ಆದ ಮೇಲೆ.

ಇ-1, ಇ-2, ಇ-3 ಅಂತ ಏನೋ ಹೇಳ್ತಾರಲ್ಲ?

ಒಂದೇ ಪಲ್ಸಿನ ಮೂರು ಭಾಗ. ಮೇಲೆ ಹೇಳಿದ್ದು ಇ-1. ಕೆಲವೇ ನ್ಯಾನೋಸೆಕೆಂಡಲ್ಲಿ ತುದಿಗೇರತ್ತೆ, ಒಂದು ಮೈಕ್ರೋಸೆಕೆಂಡ್ ತುಂಬೋದ್ರೊಳಗೆ ಮುಗಿದೇ ಹೋಗಿರತ್ತೆ. ಸ್ಟ್ಯಾಂಡರ್ಡ್‌ಗಳಲ್ಲಿ ಇದಕ್ಕೆ ಇಟ್ಕೊಳ್ಳೋ ಅಂಕಿ ಮೀಟರಿಗೆ 50,000 ವೋಲ್ಟ್. ಹವಾಯಿಗೆ ಬಿದ್ದಿದ್ದು ಅದರ ಹತ್ತನೇ ಒಂದು ಭಾಗದ ಆಸುಪಾಸು ಅಂತ ಆಮೇಲೆ ಲೆಕ್ಕ ಹಾಕಿದ್ರು. ಎಲೆಕ್ಟ್ರಾನಿಕ್ಸ್ ಹಾಳು ಮಾಡೋದು ಇದೇ.

ಇ-2 ಆಮೇಲಿಂದ ಒಂದು ಸೆಕೆಂಡಿನವರೆಗೆ, ಸ್ವಭಾವದಲ್ಲಿ ಸಿಡಿಲಿನ ಸರ್ಜ್ ತರ. ನಮ್ಮ ಲೈಟ್ನಿಂಗ್ ಅರೆಸ್ಟರ್‌ಗಳು ಇದನ್ನ ತಡೀತವೆ, ಇ-1 ಅವುಗಳನ್ನ ಮೊದಲೇ ಕೆಡಿಸಿರ್ಲಿಲ್ಲ ಅಂದ್ರೆ.

ಇ-3 ನಿಧಾನ, ಸೆಕೆಂಡುಗಳಿಂದ ನಿಮಿಷಗಳವರೆಗೆ. ಬೆಂಕಿಯುಂಡೆ ಹಿಗ್ಗುವಾಗ ಭೂಮಿಯ ಕಾಂತಕ್ಷೇತ್ರಾನ ತಳ್ಳತ್ತೆ, ಆಮೇಲೆ ಅದು ತನ್ನ ಜಾಗಕ್ಕೆ ವಾಪಸ್ ಬರತ್ತೆ, ಈ ಅಲ್ಲಾಟದಿಂದ ನೆಲದಲ್ಲಿ ವೋಲ್ಟೇಜ್ ಹುಟ್ಟತ್ತೆ. ಕಿಲೋಮೀಟರಿಗೆ ಕೆಲವು ವೋಲ್ಟಿಂದ ಹತ್ತಾರು ವೋಲ್ಟ್ ಅಷ್ಟೇ. ಅಷ್ಟೇನಾ ಅನ್ನಿಸ್ಬಹುದು. 500 ಕಿಲೋಮೀಟರ್ ಲೈನಿಗೆ ಗುಣಿಸಿ ನೋಡಿ.

ಹಿರೋಷಿಮಾದಲ್ಲಿ ಇದ್ರ ಬಗ್ಗೆ ಯಾಕೆ ಯಾರೂ ಹೇಳಲ್ಲ?

ಅಲ್ಲಿ ಬಾಂಬ್ ಸಿಡಿದಿದ್ದು ಸುಮಾರು 600 ಮೀಟರ್ ಎತ್ತರದಲ್ಲಿ. ಅಷ್ಟು ಕೆಳಗೆ ದಟ್ಟ ಗಾಳಿ ಗಾಮಾ ಕಿರಣಾನ ಅಲ್ಲಲ್ಲೇ ನುಂಗಿಬಿಡತ್ತೆ, ಪಲ್ಸ್ ಜೋರಾಗಿರೋದು ಕೆಲವು ಕಿಲೋಮೀಟರ್ ಒಳಗೆ ಮಾತ್ರ, ಅಲ್ಲಿ ಶಾಖ ಮತ್ತೆ ಬ್ಲಾಸ್ಟ್ ಮಾಡಿದ ಅನಾಹುತದ ಮುಂದೆ ಫ್ಯೂಸ್ ಹೋಯ್ತಾ ಅಂತ ಯಾರು ಕೇಳ್ತಾರೆ. ಟ್ರಾನ್ಸಿಸ್ಟರ್ ಕೂಡ ಇನ್ನೂ ಹುಟ್ಟಿರ್ಲಿಲ್ಲ. ಆಮೇಲೆ ಬೇರೆ ಬೇರೆ ಟೆಸ್ಟುಗಳಲ್ಲಿ ಕೆಳಮಟ್ಟದ ಸ್ಫೋಟದ ಪಲ್ಸು ಅಳತೆಯ ಕೇಬಲ್‌ಗಳ ಮೂಲಕ ಬಂದು ಉಪಕರಣ ಹಾಳು ಮಾಡಿದ್ದು ಉಂಟು. ಬ್ರಿಟಿಷರು ತಮ್ಮ ಟೆಸ್ಟುಗಳಲ್ಲಿ ಕೇಳಿದ ಟಿಕ್ ಸದ್ದಿಗೆ ರೇಡಿಯೋಫ್ಲ್ಯಾಶ್ ಅಂತ ಹೆಸರಿಟ್ಟಿದ್ರು.

ಮತ್ತೆ ಪೋಖ್ರಾನ್?

1974 ಮತ್ತೆ 1998 ಎರಡೂ ನೆಲದೊಳಗೆ. ಗಾಮಾ ಕಿರಣ ಮಣ್ಣಲ್ಲೇ ಮುಗೀತು. ಊರಿನ ರೇಡಿಯೋ ಕೆಡೋ ಪ್ರಶ್ನೆಯೇ ಇಲ್ಲ.

ಒಂದು ಬಾಂಬಿಗೆ ಎಷ್ಟು ದೂರದವರೆಗೆ ಏಟು? ದೊಡ್ಡ ಬಾಂಬಾದ್ರೆ ದೊಡ್ಡ ಏಟಾ?

ಇ-1 ಕಣ್ಣಿಗೆ ಕಾಣೋಷ್ಟು ದೂರ ಹೋಗತ್ತೆ, ಅಂದ್ರೆ ಸ್ಫೋಟದ ಜಾಗದಿಂದ ನೋಡಿದ್ರೆ ಭೂಮಿಯ ಅಂಚು ಎಲ್ಲಿವರೆಗೆ ಕಾಣತ್ತೋ ಅಲ್ಲಿವರೆಗೆ. 30 ಕಿಲೋಮೀಟರ್ ಎತ್ತರದಲ್ಲಾದ್ರೆ ಸುತ್ತ 600 ಕಿಲೋಮೀಟರ್ ಚಿಲ್ಲರೆ. 100 ಕಿಲೋಮೀಟರ್ ಎತ್ತರಕ್ಕೆ ಸುಮಾರು 1,100. 400ಕ್ಕೆ ಸುಮಾರು 2,200. ಬರೀ ರೇಖಾಗಣಿತ ಇದು, ಭೂಮಿಯ ತ್ರಿಜ್ಯ ಗೊತ್ತಿದ್ರೆ ನೀವೇ ತೆಗೀಬಹುದು. ಆದ್ರೆ ಈ ವೃತ್ತದೊಳಗೆ ಎಲ್ಲಾ ಕಡೆ 50,000 ವೋಲ್ಟ್ ಅಂತ ಮ್ಯಾಪಿಗೆ ಕೆಂಪು ಬಳಿದು ಹಂಚ್ತಾರಲ್ಲ ಅದು ತಪ್ಪು. ಭೂಮಿಯ ಕಾಂತರೇಖೆ ಯಾವ ಕೋನದಲ್ಲಿದೆ ಅನ್ನೋದ್ರ ಮೇಲೆ ಕೆಲವು ಕಡೆ ಜೋರು, ಕೆಲವು ಕಡೆ ಮಂದ, ಕಾಂತರೇಖೆಯ ದಿಕ್ಕಲ್ಲೇ ಎಲೆಕ್ಟ್ರಾನ್ ಓಡೋ ಕಡೆ ಅದು ತಿರುಗೋದೇ ಇಲ್ಲ, ಹಾಗಾಗಿ ಅಲ್ಲಿ ಪಲ್ಸ್ ಅತೀ ಕಡಿಮೆ.

ಬಾಂಬ್ ಸೈಜಿನ ವಿಷಯದಲ್ಲೂ ಜನಕ್ಕೆ ತಪ್ಪು ಕಲ್ಪನೆ ಇದೆ. ಗಾಮಾ ಕಿರಣ ಗಾಳೀನ ಅಯಾನೀಕರಿಸಿದ (ಅಣುಗಳಿಂದ ಎಲೆಕ್ಟ್ರಾನ್ ಕಿತ್ತ) ಮೇಲೆ ಆ ಗಾಳಿ ತಾನೇ ವಾಹಕ ಆಗಿ ಪಲ್ಸನ್ನ ಶಾರ್ಟ್ ಮಾಡಿಬಿಡತ್ತೆ, ಒಂದು ಮಿತಿ ದಾಟಿ ಏರಕ್ಕೆ ಬಿಡಲ್ಲ. ಅದಕ್ಕೇ ಬಾಂಬ್ ನೂರು ಪಟ್ಟು ದೊಡ್ಡದಾದ್ರೆ ಇ-1 ನೂರು ಪಟ್ಟಾಗಲ್ಲ, ಅದರ ಹತ್ತಿರಕ್ಕೂ ಬರಲ್ಲ. ಇ-3 ಮಾತ್ರ ಬಾಂಬಿನ ಒಟ್ಟು ಶಕ್ತಿ ಜಾಸ್ತಿ ಇದ್ದಷ್ಟೂ ಜಾಸ್ತಿ.

ನನ್ನ ಮೊಬೈಲ್ ಸುಟ್ಟೋಗತ್ತಾ?

ಚಾರ್ಜಿಗೆ ಹಾಕಿಲ್ದೇ ಜೇಬಲ್ಲಿದ್ರೆ ಉಳಿಯೋ ಚಾನ್ಸು ಚೆನ್ನಾಗಿದೆ. ಗ್ಯಾರಂಟಿ ಕೊಡಕ್ಕಾಗಲ್ಲ. ಇ-1 ಶಕ್ತಿಯ ಬಹುಪಾಲು ಇರೋದು ನೂರಿನ್ನೂರು ಮೆಗಾಹರ್ಟ್ಸ್ ಕೆಳಗೆ, ಅಂದ್ರೆ ಅಲೆಯ ಉದ್ದ ಮೀಟರ್‌ಗಟ್ಟಲೆ, ಅಂಗೈ ಉದ್ದದ ಫೋನು ಅದಕ್ಕೆ ಒಳ್ಳೆ ಆಂಟೆನಾ ಅಲ್ಲ. ಅದೇ ಫೋನ್ ಚಾರ್ಜರಿಗೆ, ಚಾರ್ಜರ್ ಗೋಡೆ ಸಾಕೆಟಿಗೆ, ಸಾಕೆಟ್ ಮನೆ ವೈರಿಂಗಿಗೆ, ವೈರಿಂಗ್ ಬೀದಿ ಕಂಬಕ್ಕೆ ಸೇರ್ಕೊಂಡಿದ್ರೆ ಆಂಟೆನಾ ಎಷ್ಟು ಉದ್ದ ಆಯ್ತು ಲೆಕ್ಕ ಹಾಕಿ.

ಇನ್ನೊಂದು, ಫೋನ್ ಉಳಿದ್ರೂ ಟವರ್ ಬೇಕಲ್ಲ. ಟವರ್ ಬ್ಯಾಟರಿ ಕೆಲವು ಗಂಟೆ, ಆಮೇಲೆ ಜನರೇಟರು, ಆಮೇಲೆ ಡೀಸೆಲ್ ತಂದು ಹಾಕೋರು ಯಾರು?

ಕಾರು, ಬೈಕು, ಬಸ್ಸು?

ಸಿನಿಮಾದಲ್ಲಿ ಎಲ್ಲ ಗಾಡಿಗಳೂ ಒಟ್ಟಿಗೆ ನಿಲ್ತವೆ. ಅಮೆರಿಕದ ಸಂಸತ್ತು ನೇಮಿಸಿದ ಇಎಂಪಿ ಕಮಿಷನ್ನಿನವ್ರು 37 ಕಾರುಗಳನ್ನ ಸಿಮ್ಯುಲೇಟರಲ್ಲಿಟ್ಟು ಪರೀಕ್ಷೆ ಮಾಡಿ 2008ರ ವರದೀಲಿ ಬರೆದಿದ್ದು ಬೇರೇನೇ. ಆಫ್ ಆಗಿದ್ದ ಕಾರುಗಳಿಗೆ ಏನೂ ಆಗಿಲ್ಲ. ಓಡ್ತಿದ್ದವುಗಳಲ್ಲಿ ಮೂರು, ಮೀಟರಿಗೆ 30,000 ವೋಲ್ಟ್ ಮುಟ್ಟಿದಾಗ ಎಂಜಿನ್ ಆಫ್ ಆಗಿ ನಿಂತ್ವು, ಕೀ ತಿರುಗಿಸಿ ಮತ್ತೆ ಸ್ಟಾರ್ಟ್ ಮಾಡಬೇಕಾಯ್ತು. ಇದು 1986ರಿಂದ 2002ರ ಮಾಡೆಲ್‌ಗಳ ಮೇಲೆ, ಈಗಿನ ಗಾಡಿಗಳಲ್ಲಿ ಎಲೆಕ್ಟ್ರಾನಿಕ್ಸ್ ಅದಕ್ಕಿಂತ ಎಷ್ಟೋ ಜಾಸ್ತಿ, ಚಾರ್ಜಿಗೆ ಹಾಕಿದ ಎಲೆಕ್ಟ್ರಿಕ್ ಸ್ಕೂಟರಂತೂ ಗೋಡೆಗೆ ತಗುಲಿದ ಫೋನಿನ ಅಣ್ಣ. ಆದ್ರೂ ಎಲ್ಲಾ ಗಾಡಿ ಸಾಯತ್ತೆ ಅನ್ನೋದಕ್ಕೆ ಆಧಾರ ಇಲ್ಲ. ಸಾಯೋದು ಪೆಟ್ರೋಲ್ ಬಂಕಿನ ಪಂಪು, ಕರೆಂಟ್ ಇಲ್ದೇ. ಸಿಗ್ನಲ್ ಲೈಟು ಕೂಡ.

ಹಾಗಾದ್ರೆ ನಿಜವಾದ ಅಪಾಯ ಯಾವುದಕ್ಕೆ?

ಗ್ರಿಡ್ಡಿಗೆ. ಇಲ್ಲಿ ಸ್ವಲ್ಪ ಉದ್ದ ಬರೀತೀನಿ, ನನ್ನ ಏರಿಯಾ.

ಮೊದಲು ಇ-1. ಸಬ್‌ಸ್ಟೇಷನ್ ಯಾರ್ಡಲ್ಲಿ ಸಿಟಿ ಪಿಟಿಗಳಿಂದ (ಲೈನಿನ ಕರೆಂಟು ವೋಲ್ಟೇಜನ್ನ ಅಳತೆಗೆ ಇಳಿಸಿ ಕೊಡೋ ಟ್ರಾನ್ಸ್‌ಫಾರ್ಮರ್‌ಗಳು) ಕಂಟ್ರೋಲ್ ರೂಮಿನ ಪ್ಯಾನೆಲ್‌ವರೆಗೆ ಟ್ರೆಂಚಲ್ಲಿ ನೂರಾರು ಮೀಟರ್ ಕೇಬಲ್ ಎಳೆದಿರ್ತೀವಿ. ಅಷ್ಟೂ ಆಂಟೆನಾನೇ. ಹಳೇ ಕಾಲದ ಡಿಸ್ಕ್ ತಿರುಗೋ ರಿಲೇಗಳಿಗೆ ಇಂಥ ಸೂಜಿಯಂಥ ಪಲ್ಸ್ ಬಂದ್ರೆ ಗೊತ್ತೇ ಆಗಲ್ಲ, ತಾಮ್ರದ ಸುರುಳಿ ಮತ್ತೆ ಅಲ್ಯೂಮಿನಿಯಂ ತಟ್ಟೆ, ಕೆಡಕ್ಕೇನಿದೆ. ಈಗ ಇರೋದು ನ್ಯೂಮೆರಿಕಲ್ ರಿಲೇ, ಒಳಗೆ ಪ್ರೊಸೆಸರ್ರು, ಪಕ್ಕದಲ್ಲಿ ಸ್ಕಾಡಾ (ದೂರದಿಂದ್ಲೇ ನೋಡಿ ಸ್ವಿಚ್ ಮಾಡೋ ಕಂಪ್ಯೂಟರ್ ವ್ಯವಸ್ಥೆ), ನೆಟ್‌ವರ್ಕ್ ಸ್ವಿಚ್ಚು. ಇವು ಸಿಡಿಲಿನ ಸರ್ಜ್ ತಡೆಯೋ ಹಾಗೆ ಟೆಸ್ಟ್ ಆಗಿ ಬಂದಿರ್ತವೆ, ಆದ್ರೆ ಇ-1 ಸಿಡಿಲಿಗಿಂತ ಎಷ್ಟೋ ಬೇಗ ಏರತ್ತೆ. ಕೇಬಲ್ ಶೀಲ್ಡನ್ನ ಎರಡೂ ಕಡೆ ಸರಿಯಾಗಿ ಅರ್ತ್ ಮಾಡಿದ್ರೆ ಬಹಳ ವ್ಯತ್ಯಾಸ ಆಗತ್ತೆ, ಮಾಡಿರ್ತಾರಾ ಅಂತ ಮಾತ್ರ ಕೇಳ್ಬೇಡಿ.

ಆಮೇಲೆ ಇ-3. ಉದ್ದದ ಲೈನಿನ ಎರಡೂ ತುದೀಲಿ ಟ್ರಾನ್ಸ್‌ಫಾರ್ಮರ್ ನ್ಯೂಟ್ರಲ್ ಅರ್ತ್ ಆಗಿರತ್ತೆ, ನೆಲದ ವೋಲ್ಟೇಜಿಗೆ ಅದೇ ದಾರಿ. ಹೆಚ್ಚೂ ಕಡಿಮೆ ಡಿಸಿ ಕರೆಂಟು ಟ್ರಾನ್ಸ್‌ಫಾರ್ಮರ್ ಒಳಗೆ ಹರಿಯತ್ತೆ. ಎಸಿಗೆ ಅಂತ ಮಾಡಿದ ಕೋರಿಗೆ ಡಿಸಿ ಕೊಟ್ರೆ ಅರ್ಧ ಸೈಕಲ್ಲಲ್ಲಿ ಸ್ಯಾಚುರೇಟ್ ಆಗತ್ತೆ (ಇನ್ನು ಕಾಂತತ್ವ ಹಿಡಿಯಕ್ಕಾಗಲ್ಲ), ರಿಯಾಕ್ಟಿವ್ ಪವರ್ (ಕೆಲಸ ಮಾಡದ, ಆದ್ರೆ ವೋಲ್ಟೇಜ್ ಹಿಡಿದಿಡಕ್ಕೆ ಬೇಕಾದ ಪವರ್) ಕುಡಿಯಕ್ಕೆ ಶುರು ಮಾಡತ್ತೆ, ಹಾರ್ಮೋನಿಕ್ಸ್ ಬರತ್ತೆ ಅಂದ್ರೆ ಕರೆಂಟಿನ ಅಲೆ ಸೊಟ್ಟಗಾಗತ್ತೆ, ಬಿಸಿ ಆಗತ್ತೆ, ರಿಲೇಗಳು ತಪ್ಪು ತಿಳ್ಕೊಂಡು ಬೇಕಾಗಿರೋ ಉಪಕರಣಾನೇ ಟ್ರಿಪ್ ಮಾಡ್ತವೆ, ವೋಲ್ಟೇಜ್ ಕುಸಿದು ಇಡೀ ಪ್ರದೇಶ ಕತ್ತಲೆ. ದೊಡ್ಡ ಟ್ರಾನ್ಸ್‌ಫಾರ್ಮರ್‌ಗಳೆಲ್ಲ ಸುಟ್ಟು ವರ್ಷಗಟ್ಟಲೆ ಕರೆಂಟ್ ಇರಲ್ಲ ಅಂತ ಒಂದು ಪಂಗಡ ಹೇಳತ್ತೆ. ಅಮೆರಿಕದ ವಿದ್ಯುತ್ ಸಂಶೋಧನಾ ಸಂಸ್ಥೆ 2019ರಲ್ಲಿ ಲೆಕ್ಕ ಹಾಕಿ, ವೋಲ್ಟೇಜ್ ಕುಸಿತ ಆಗ್ಬಹುದು, ಆದ್ರೆ ಟ್ರಾನ್ಸ್‌ಫಾರ್ಮರ್‌ಗಳು ಗುಂಪಾಗಿ ಸುಟ್ಟೋಗಲ್ಲ ಅಂತ ಹೇಳ್ತು. ಟ್ರಾನ್ಸ್‌ಫಾರ್ಮರ್ ಬಿಸಿಯಾಗಕ್ಕೆ ಟೈಮ್ ಬೇಕು, ಇ-3 ಕೆಲವೇ ನಿಮಿಷದ್ದು, ಹಾಗಾಗಿ ನನಗೆ ಈ ಎರಡನೇದೇ ನಂಬೋ ಹಾಗಿದೆ. ರಿಲೇ ಮತ್ತೆ ಸ್ಕಾಡಾ ಬಗ್ಗೆ ನನ್ನ ಚಿಂತೆ ಜಾಸ್ತಿ.

ನಮ್ಮಲ್ಲಿ ಗ್ರಿಡ್ ಕುಸಿದ್ರೆ ಹೇಗಿರತ್ತೆ?

2012ರ ಜುಲೈ 30 ಮತ್ತೆ 31 ನೆನಪಿದ್ಯಾ? ಉತ್ತರ, ಪೂರ್ವ, ಈಶಾನ್ಯ ಗ್ರಿಡ್ ಬಿದ್ದು 60 ಕೋಟಿಗೂ ಹೆಚ್ಚು ಜನಕ್ಕೆ ಕರೆಂಟ್ ಇರ್ಲಿಲ್ಲ, ಯಾವ ಬಾಂಬೂ ಇಲ್ದೇನೇ. ದಕ್ಷಿಣದ ನಮಗೆ ಏನೂ ಆಗ್ಲಿಲ್ಲ, ಯಾಕಂದ್ರೆ ಆಗ ನಮ್ಮದು ಬೇರೆ ಗ್ರಿಡ್, ಮಧ್ಯೆ ಬರೀ ಡಿಸಿ ಲಿಂಕು. 2013ರ ಡಿಸೆಂಬರ್ 31ಕ್ಕೆ ರಾಯಚೂರು–ಸೊಲ್ಲಾಪುರ 765 ಕೆವಿ ಲೈನ್ ಚಾಲೂ ಆಗಿ ಇಡೀ ದೇಶ ಒಂದೇ ಗ್ರಿಡ್ ಆಯ್ತು. ಕರೆಂಟ್ ಹಂಚಿಕೆಗೆ ಒಳ್ಳೇದು, ಕುಸಿತ ಬಂದ್ರೆ ಅದೂ ಹಂಚಿಕೆ ಆಗತ್ತೆ. ಒಡಿಶಾದ ತಾಲ್ಚೇರಿಂದ ನಮ್ಮ ಕೋಲಾರಕ್ಕೆ ಬರೋ ಡಿಸಿ ಲೈನ್ ಸುಮಾರು 1,370 ಕಿಲೋಮೀಟರ್. ಲೈನಿಗಿಂತ ಅದರ ತುದೀಲಿರೋ ಕನ್ವರ್ಟರ್ ಸ್ಟೇಷನ್ನಿನ ಕಂಟ್ರೋಲ್ ಎಲೆಕ್ಟ್ರಾನಿಕ್ಸ್ ನಾಜೂಕು.

ಬಿದ್ದ ಗ್ರಿಡ್ಡನ್ನ ಎಬ್ಬಿಸೋದಕ್ಕೆ ಬ್ಲ್ಯಾಕ್ ಸ್ಟಾರ್ಟ್ ಅಂತಾರೆ. ಥರ್ಮಲ್ ಪ್ಲಾಂಟಿಗೆ ಅದರ ಫ್ಯಾನು, ಪಂಪು, ಕಲ್ಲಿದ್ದಲು ಮಿಲ್ಲು ಓಡಿಸಕ್ಕೇ ಹೊರಗಿಂದ ಕರೆಂಟ್ ಬೇಕು. ಜಲವಿದ್ಯುತ್ತಿಗೆ ಒಂದು ಚಿಕ್ಕ ಡೀಸೆಲ್ ಸೆಟ್ ಸಾಕು, ಗೇಟ್ ತೆರೆದ್ರೆ ನೀರು ತಿರುಗಿಸತ್ತೆ. ಡ್ಯಾಮ್‌ಗಳಿರೋ ನಮ್ಮ ರಾಜ್ಯಕ್ಕೆ ಆ ಮಟ್ಟಿಗೆ ಅದೃಷ್ಟ ಇದೆ ಅನ್ನಿ.

ಸೌರ ಬಿರುಗಾಳಿನೂ ಇದೂ ಒಂದೇನಾ?

ಇ-3 ಭಾಗ ಮಾತ್ರ ಒಂದೇ ತರ. 1989ರ ಮಾರ್ಚ್ 13ಕ್ಕೆ ಕೆನಡಾದ ಕ್ವಿಬೆಕ್ ಗ್ರಿಡ್ ಸುಮಾರು ಒಂದೂವರೆ ನಿಮಿಷದಲ್ಲಿ ಬಿತ್ತು, 60 ಲಕ್ಷ ಜನ ಸುಮಾರು ಒಂಬತ್ತು ಗಂಟೆ ಕತ್ತಲಲ್ಲಿ. ಸೂರ್ಯನಿಂದ ಇ-1 ಬರಲ್ಲ, ಹಾಗಾಗಿ ಮನೆ ಟೀವಿಗೆ ಭಯ ಇಲ್ಲ. 2024ರ ಮೇ 10–11ರ ಬಿರುಗಾಳೀಲಿ ಲಡಾಖಿನ ಹಾನ್ಲೆಯಲ್ಲಿ ಆಕಾಶ ಕೆಂಪಾಗಿದ್ದನ್ನ ಅಲ್ಲಿನ ಕ್ಯಾಮೆರಾಗಳು ಹಿಡಿದ್ವು, ಆ ವೀಕ್ಷಣಾಲಯ ನಡೆಸೋದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ. ಸೂರ್ಯ ಮುನ್ಸೂಚನೆ ಕೊಡ್ತಾನೆ, ಕಡಿಮೆ ಅಂದ್ರೂ ಹಲವು ಗಂಟೆ. ಬಾಂಬ್ ಕೊಡಲ್ಲ.

ಸ್ಯಾಟಲೈಟ್‌ಗಳ ಗತಿ?

ಪಲ್ಸಿಗಿಂತ ಅದರ ಹಿಂದೆ ಉಳಿಯೋ ಎಲೆಕ್ಟ್ರಾನ್‌ಗಳದ್ದೇ ಕಾಟ. ಸ್ಟಾರ್‌ಫಿಶ್ ಬಿಟ್ಟ ಎಲೆಕ್ಟ್ರಾನ್‌ಗಳು ಭೂಮಿಯ ಕಾಂತಕ್ಷೇತ್ರದಲ್ಲಿ ಸಿಕ್ಕಿ ಕೃತಕ ವಿಕಿರಣ ಪಟ್ಟಿ ಆಗಿ ವರ್ಷಗಟ್ಟಲೆ ಸುತ್ತಿದ್ವು. ಬ್ರಿಟನ್ನಿನ ಮೊಟ್ಟಮೊದಲ ಉಪಗ್ರಹ ಏರಿಯಲ್-1 ಹಾಳಾಯ್ತು, ಅದೂ ಗೆಳೆಯ ದೇಶದ ಬಾಂಬಿಂದ. ಟೀವಿ ಸಿಗ್ನಲ್ ದಾಟಿಸಿದ ಪ್ರಸಿದ್ಧ ಟೆಲ್‌ಸ್ಟಾರ್ ಹಾರಿದ್ದು ಸರಿಯಾಗಿ ಮರುದಿನ, ಜುಲೈ 10ಕ್ಕೆ. ನವೆಂಬರ್ ಹೊತ್ತಿಗೆ ಅದರ ಟ್ರಾನ್ಸಿಸ್ಟರ್‌ಗಳು ಕೈಕೊಟ್ವು, ಎಂಜಿನಿಯರ್‌ಗಳು ಏನೇನೋ ಉಪಾಯ ಮಾಡಿ ಜನವರೀಲಿ ಎಬ್ಬಿಸಿದ್ರು, 1963ರ ಫೆಬ್ರವರಿಗೆ ಪೂರ್ತಿ ಮುಗೀತು. ಆಗ ಮೇಲಿದ್ದದ್ದೇ ಕೆಲವು ಡಜನ್ ಉಪಗ್ರಹ. ಈಗ ಕೆಳಗಿನ ಕಕ್ಷೇಲಿ ಸಾವಿರಗಟ್ಟಲೆ ಇವೆ, ಬೆಂಗಳೂರಲ್ಲಿ ತಯಾರಾದ ಕಾರ್ಟೋಸ್ಯಾಟ್‌ಗಳೂ ಅಲ್ಲೇ. 36,000 ಕಿಲೋಮೀಟರ್ ಮೇಲಿರೋ ಟೀವಿ ಸ್ಯಾಟಲೈಟ್‌ಗಳಿಗೆ ಅಷ್ಟು ಭಯ ಇಲ್ಲ.

ರೇಡಿಯೋ ಕೆಲಸ ಮಾಡತ್ತಾ?

ಸೆಟ್ ಕೆಡದೇ ಇದ್ರೂ ಸ್ವಲ್ಪ ಹೊತ್ತು ಅಲೆ ದಾಟದೇ ಇರ್ಬಹುದು. 1958ರ ಆಗಸ್ಟ್ 1ರ ಟೀಕ್ ಟೆಸ್ಟು, 3.8 ಮೆಗಾಟನ್, 77 ಕಿಲೋಮೀಟರ್ ಎತ್ತರ. ಅದು ಶಾರ್ಟ್‌ವೇವ್ ಅಲೆಗಳನ್ನ ವಾಪಸ್ ಕಳಿಸೋ ಮೇಲಿನ ಗಾಳಿಪದರ, ಅಂದ್ರೆ ಅಯಾನುಗೋಳಾನ ಕಲಕಿ ಪೆಸಿಫಿಕ್ಕಿನ ಶಾರ್ಟ್‌ವೇವ್ ಸಂಪರ್ಕ ಗಂಟೆಗಟ್ಟಲೆ ಹೋಯ್ತು. ಇದು ಇಎಂಪಿ ಅಲ್ಲ, ಬ್ಲ್ಯಾಕೌಟ್, ತಾನಾಗೇ ಸರಿಹೋಗತ್ತೆ. ಎರಡನ್ನೂ ಕಲಸಿ ಬರೆಯೋರೇ ಜಾಸ್ತಿ.

ಮನುಷ್ಯರಿಗೆ ಏನಾದ್ರೂ ಆಗತ್ತಾ?

ಪಲ್ಸಿಂದ ನೇರವಾಗಿ ಇಲ್ಲ. ಉದ್ದದ ಬೇಲಿ ತಂತೀನೋ ಲೈನನ್ನೋ ಆ ಕ್ಷಣ ಮುಟ್ಕೊಂಡಿದ್ರೆ ಬೇರೆ ಮಾತು. ಕಣ್ಣಿನ ಅಪಾಯ ಮಾತ್ರ ನಿಜ. 1962ರ ಅಕ್ಟೋಬರಿನ ಬ್ಲೂಗಿಲ್ ಟ್ರಿಪಲ್ ಪ್ರೈಮ್ ಟೆಸ್ಟಲ್ಲಿ ಜಾನ್‌ಸ್ಟನ್ ದ್ವೀಪದಲ್ಲಿದ್ದ ಇಬ್ಬರು ರಕ್ಷಣೆ ಇಲ್ದೇ ನೋಡಿ ರೆಟಿನಾ ಸುಟ್ಕೊಂಡ್ರು. ಅಂತರಿಕ್ಷದ ಸ್ಫೋಟದಲ್ಲಿ ಕೆಳಗಿನವರಿಗೆ ಬ್ಲಾಸ್ಟೂ ಇಲ್ಲ, ತಕ್ಷಣದ ವಿಕಿರಣದ ಬೂದಿ ಮಳೇನೂ ಇಲ್ಲ.

ಫಾಯಿಲ್ ಸುತ್ತಿದ್ರೆ, ಸ್ಟೀಲ್ ಡಬ್ಬೀಲಿ ಇಟ್ರೆ, ಮೈಕ್ರೋವೇವ್ ಓವನ್ನಲ್ಲಿ ಇಟ್ರೆ?

ಸುತ್ತಲೂ ಲೋಹ ಇದ್ರೆ ಅಲೆ ಒಳಗೆ ಬರಲ್ಲ ಅನ್ನೋ ಫ್ಯಾರಡೆ ಪಂಜರದ ತತ್ವ ಸರಿ. ಕೆಲಸ ಕೆಡಿಸೋದು ಸಂದಿ. ಮುಚ್ಚಳದ ಸುತ್ತ ಉದ್ದಕ್ಕೂ ಲೋಹ ಲೋಹಕ್ಕೆ ತಾಗಿರ್ಬೇಕು, ಪೇಂಟ್ ಇದ್ರೆ ಕೆರೆದು ತೆಗೀಬೇಕು, ಒಳಗಿನ ವಸ್ತು ಲೋಹಕ್ಕೆ ತಾಗದ ಹಾಗೆ ಬಟ್ಟೆನೋ ರಟ್ಟೋ ಹಾಕ್ಬೇಕು. ಚೆನ್ನಾಗಿ ಮಡಚಿದ ಎರಡು ಮೂರು ಸುತ್ತಿನ ಅಲ್ಯೂಮಿನಿಯಂ ಫಾಯಿಲ್ಲೂ ಪರವಾಗಿಲ್ಲ. ಡಬ್ಬಿಯಿಂದ ಒಂದು ವೈರ್ ಹೊರಗೆ ಬಂದಿದ್ರೂ ಎಲ್ಲ ವ್ಯರ್ಥ, ಅದಕ್ಕೇ ಅರ್ತ್ ವೈರ್ ಎಳೀಬೇಡಿ, ಚಿಕ್ಕ ಡಬ್ಬಿಗೆ ಅದು ಬೇಡ. ಓವನ್ನು ಅದರದ್ದೇ ಫ್ರೀಕ್ವೆನ್ಸಿಗೆ ಮಾಡಿದ್ದು, ಭರವಸೆ ಇಡ್ಬೇಡಿ. ಅಂಗಡೀಲಿ ಸಿಗೋ ಮಾಮೂಲಿ ಸ್ಪೈಕ್ ಬಸ್ಟರ್ ಇ-1ಕ್ಕೆ ಸಾಲಲ್ಲ.

ಹಳೇ ವಾಲ್ವ್ ರೇಡಿಯೋ ಸಾಯಲ್ಲ ಅಂತಾರಲ್ಲ?

ವಾಲ್ವ್‌ಗಳು (ಟ್ರಾನ್ಸಿಸ್ಟರಿಗೆ ಮುಂಚೆ ಇದ್ದ ಗಾಜಿನ ಕೊಳವೆಗಳು) ಟ್ರಾನ್ಸಿಸ್ಟರಿಗಿಂತ ಎಷ್ಟೋ ಗಟ್ಟಿ, ಅದು ನಿಜ. 1976ರ ಸೆಪ್ಟೆಂಬರಲ್ಲಿ ಬೆಲೆಂಕೋ ಅನ್ನೋ ಸೋವಿಯತ್ ಪೈಲಟ್ ಮಿಗ್-25 ಓಡಿಸ್ಕೊಂಡು ಜಪಾನಿನ ಹಾಕೊದಾತೆಗೆ ಬಂದಿಳಿದ, ಬಿಚ್ಚಿ ನೋಡಿದ್ರೆ ಒಳಗೆ ವಾಲ್ವುಗಳು. ಮೊದಲು ನಕ್ಕರು, ಆಮೇಲೆ ಇಎಂಪಿಗೆ ಇದೇ ತಡೆಯತ್ತಲ್ಲ ಅಂತ ಮಾತು ಶುರುವಾಯ್ತು.

ಸೇನೆಯವ್ರು ಬಾಂಬ್ ಸಿಡಿಸ್ದೇ ಹೇಗೆ ಟೆಸ್ಟ್ ಮಾಡ್ತಾರೆ?

ಸಿಮ್ಯುಲೇಟರ್ ಕಟ್ತಾರೆ. ನನಗೆ ಇಷ್ಟ ಆಗಿದ್ದು ಅಮೆರಿಕದ ಆಲ್ಬುಕರ್ಕ್ ಹತ್ರ ಇರೋ ಟ್ರೆಸಲ್. ಬಿ-52 ವಿಮಾನಾನೇ ಮೇಲೆ ನಿಲ್ಲಿಸೋಷ್ಟು ದೊಡ್ಡ ಮರದ ಅಟ್ಟಣಿಗೆ, ಲೋಹ ಇದ್ರೆ ಅಳತೆ ಕೆಡತ್ತೆ ಅಂತ ಬೋಲ್ಟು ನಟ್ಟು ಕೂಡ ಮರದ್ದೇ. ಶೀತಲ ಸಮರ ಮುಗಿದ ಮೇಲೆ ಅದರ ಕೆಲಸ ನಿಂತೋಯ್ತು.

ಭಾರತದ ಕಾಳಿ-5000 ಇಂಥದ್ದೇ ಆಯುಧ ಅಂತ ಫಾರ್ವರ್ಡ್ ಬಂತು?

ಕಾಳಿ ಅನ್ನೋದು ಮುಂಬೈನ ಭಾಭಾ ಅಣು ಸಂಶೋಧನಾ ಕೇಂದ್ರ ಮಾಡಿದ ಎಲೆಕ್ಟ್ರಾನ್ ಆಕ್ಸಿಲರೇಟರ್. ಟನ್‌ಗಟ್ಟಲೆ ತೂಗೋ ಲ್ಯಾಬ್ ಮಿಷನ್. ಅದರಿಂದ ಹುಟ್ಟಿಸಿದ ಮೈಕ್ರೋವೇವ್ ಪಲ್ಸಲ್ಲಿ ತೇಜಸ್ ವಿಮಾನದ ಎಲೆಕ್ಟ್ರಾನಿಕ್ಸ್ ತಡ್ಕೊಳ್ಳತ್ತಾ ಅಂತ ನೋಡಿದ್ರು. ಅದು ಹಿಮಾಲಯದಾಚೆ ಹಿಮ ಕರಗಿಸ್ತು, ಕ್ಷಿಪಣಿ ಕರಗಿಸ್ತು ಅನ್ನೋದೆಲ್ಲ ಟೈಪ್ ಮಾಡಿದೋರ ಉತ್ಸಾಹ.

ಈಗ ಯಾರಾದ್ರೂ ಇಂಥ ಟೆಸ್ಟ್ ಮಾಡಬಹುದಾ?

1963ರ ಆಗಸ್ಟ್ 5ರ ಮಾಸ್ಕೋ ಒಪ್ಪಂದ ವಾತಾವರಣ, ಅಂತರಿಕ್ಷ, ಸಮುದ್ರ ಮೂರರಲ್ಲೂ ಟೆಸ್ಟ್ ನಿಲ್ಲಿಸ್ತು, ಭಾರತ ಅದೇ ತಿಂಗಳು ಸಹಿ ಹಾಕ್ತು. 1962ರ ನವೆಂಬರ್ ಆದ್ಮೇಲೆ ಅಂತರಿಕ್ಷದಲ್ಲಿ ಯಾರೂ ಸಿಡಿಸಿಲ್ಲ. 1967ರ ಒಪ್ಪಂದದಲ್ಲಿ ಕಕ್ಷೇಲಿ ಅಣ್ವಸ್ತ್ರ ಇಡೋದನ್ನೇ ಬೇಡ ಅಂದ್ರು. 2024ರ ಏಪ್ರಿಲಲ್ಲಿ ಅದನ್ನ ಇನ್ನೊಂದ್ಸಲ ಹೇಳೋ ನಿರ್ಣಯ ಭದ್ರತಾ ಮಂಡಳಿಗೆ ಬಂದಾಗ ರಷ್ಯಾ ವೀಟೋ ಹಾಕ್ತು. ಹಾಗಾಗಿ ನಮ್ಮ ಹತ್ರ ಇರೋ ನಿಜವಾದ ಅಳತೆಗಳೆಲ್ಲ 60 ವರ್ಷ ಹಳೇವು, ಮೈಕ್ರೋಚಿಪ್ ತುಂಬಿದ ಊರಿನ ಮೇಲೆ ಇದು ಒಂದ್ಸಲಾನೂ ಆಗಿಲ್ಲ.

ಮನೇಲಿ ಏನು ಮಾಡಿಟ್ಕೋಬೇಕು?

ಇದಕ್ಕಂತಲೇ ಏನೂ ಬೇಡ, ದುಬಾರಿ ಇಎಂಪಿ ಬ್ಯಾಗ್ ಮಾರೋರಿಗೆ ದುಡ್ಡು ಕೊಡ್ಬೇಡಿ. ನಾಲ್ಕೈದು ದಿನ ಕರೆಂಟ್ ಇಲ್ದಿದ್ರೆ ಏನು ಗತಿ ಅಂತ ಯೋಚ್ನೆ ಮಾಡಿ, ಬಿರುಮಳೆಗೂ ಅದೇ ತಯಾರಿ. ಒಂದು ಚಿಕ್ಕ ಬ್ಯಾಟರಿ ರೇಡಿಯೋ, ಟಾರ್ಚು, ಸೆಲ್ಲು, ಬೇಕಿದ್ರೆ ಬಿಸ್ಕತ್ ಟಿನ್ನಲ್ಲಿ. ಔಷಧಿ ತಗೊಳ್ಳೋರಿಗೆ ಹೆಚ್ಚುವರಿ ಸ್ಟಾಕು. ಸ್ವಲ್ಪ ನಗದು, ಯುಪಿಐ ಆಗ ಓಡಲ್ಲ. ತೋಟದ ಬೋರ್‌ವೆಲ್ ನಂಬ್ಕೊಂಡಿರೋರು ಸ್ಟಾರ್ಟರ್ ಪ್ಯಾನೆಲ್ಲಿನ ಎಲೆಕ್ಟ್ರಾನಿಕ್ ಕಾರ್ಡ್ ಇನ್ನೊಂದು ತಗೊಂಡು ಡಬ್ಬೀಲಿ ಇಡಿ, ಅದು ಮಾಮೂಲಿ ಸಿಡಿಲಿಗೇ ಆಗಾಗ ಹೋಗತ್ತೆ. ಮೇಲಿನ ಟ್ಯಾಂಕ್ ತುಂಬಿರ್ಲಿ, ಯಾಕಂದ್ರೆ ಕರೆಂಟ್ ಹೋದ ಮೇಲೆ ಮೊದಲು ತತ್ವಾರ ಆಗೋದು ಫೋನಿಗಲ್ಲ, ನೀರಿಗೆ.